ಮುನ್ನೂರು ಕ್ಯೂಸೆಕ್ ನೀರಿನಲ್ಲಿ ಮೀನು

ಶುಕ್ರವಾರ ಸಂಜೆ ಕಚೇರಿಯ ಕೆಲಸ ಮುಗಿಯುತ್ತಿದ್ದಂತೆ ನಾನು ಮೊದಲು ತೆರೆಯುವುದು ಒಂದು ಗ್ರಾಫ್. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯವರು ಇಲ್ಲಿನ ನದಿಗಳ ಉದ್ದಕ್ಕೂ ಮಾಪಕಗಳನ್ನು ಕೂರಿಸಿದ್ದಾರೆ. ಹದಿನೈದು ನಿಮಿಷಕ್ಕೊಮ್ಮೆ ಅಳೆದ ಲೆಕ್ಕ ಎಲ್ಲರಿಗೂ ಕಾಣುವಂತೆ ಬರುತ್ತದೆ: ನೀರು ಎಷ್ಟು ಅಡಿ ಇದೆ, ಸೆಕೆಂಡಿಗೆ ಎಷ್ಟು ಘನ ಅಡಿ ಹರಿಯುತ್ತಿದೆ. ವರ್ಜೀನಿಯಾಕ್ಕೆ ಬಂದ ಹೊಸತರಲ್ಲಿ ಈ ಅಂಕಿಯನ್ನು ನೋಡಿ ಎರಡು ನಿಮಿಷ ಸುಮ್ಮನೆ ಕುಳಿತಿದ್ದೆ. ಸೆಕೆಂಡಿಗೆ ಒಂದು ಘನ ಅಡಿ ಎಂದರೆ ಒಂದು ಕ್ಯೂಸೆಕ್. ಮಂಡ್ಯದಲ್ಲಿ ಹುಟ್ಟಿದವರಿಗೆ ಕ್ಯೂಸೆಕ್ ಯಾರೂ ಹೇಳಿಕೊಡಬೇಕಾದದ್ದಲ್ಲ. ಕನ್ನಂಬಾಡಿ ಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು ಎಂದು ಪತ್ರಿಕೆಯ ಮೂಲೆಯಲ್ಲಿ ಬರುವ ನಾಲ್ಕು ಸಾಲನ್ನು ಅಪ್ಪ ರಾಶಿಭವಿಷ್ಯಕ್ಕಿಂತ ಮೊದಲು ಓದುತ್ತಿದ್ದ. ಮಗ್ಗಿ ಕಲಿಯುವ ಮುಂಚೆ ನಾನು ಕಲಿತದ್ದು ಅದನ್ನು.

ವ್ಯತ್ಯಾಸ ಇಷ್ಟೇ. ಅಲ್ಲಿ ಆ ಅಂಕಿ ಭತ್ತ ನಾಟಿ ಮಾಡಬೇಕೋ ಬೇಡವೋ ಎನ್ನುವುದನ್ನು ಹೇಳುತ್ತಿತ್ತು. ಇಲ್ಲಿ ನಾನು ಅದನ್ನು ನೋಡುವುದು ಶನಿವಾರ ಮೀನು ಹಿಡಿಯಲು ಹೋಗಬೇಕೋ ಬೇಡವೋ ಎಂದು ತೀರ್ಮಾನಿಸುವುದಕ್ಕೆ. ಈ ಮಾತನ್ನು ಅಪ್ಪನಿಗೆ ಹೇಳುವಾಗ ಇವತ್ತಿಗೂ ಸ್ವಲ್ಪ ನಾಚಿಕೆಯಾಗುತ್ತದೆ.

ನಾನು ಹಿಡಿಯುವ ಮೀನಿನ ಹೆಸರು ಸ್ಮಾಲ್‌ಮೌತ್ ಬಾಸ್. ಮೊದಲ ಸಲ ಫೋನಿನಲ್ಲಿ "ನಾಳೆ ಬಾಸ್ ಹಿಡಿಯುವುದಕ್ಕೆ ಹೊಳೆಗೆ ಹೋಗುತ್ತಿದ್ದೇನೆ" ಎಂದಾಗ ಅಪ್ಪ, "ಬಾಸನ್ನು ಹಿಡಿಯುವುದಕ್ಕೆ ಕಚೇರಿಗೆ ಹೋದರೆ ಸಾಲದೆ?" ಎಂದಿದ್ದ. ಮೈಬಣ್ಣ ಹುಣಸೆಹಣ್ಣು ಹಾಕಿ ತಿಕ್ಕದೆ ಬಿಟ್ಟ ತಾಮ್ರದ ಹಂಡೆಯಂತೆ, ಪಕ್ಕದಲ್ಲಿ ಮೇಲಿಂದ ಕೆಳಕ್ಕೆ ಮಸುಕಾದ ಪಟ್ಟೆಗಳು, ಕೆಂಪು ಕಣ್ಣು. ಗಾಳಕ್ಕೆ ಸಿಕ್ಕ ಮೇಲೆ ಎರಡು ಮೂರು ಸಲ ನೀರಿನಿಂದ ಪೂರ್ತಿ ಮೇಲಕ್ಕೆ ಹಾರಿ ತಲೆ ಕೊಡವುತ್ತದೆ. ಅರ್ಧ ಮೀನು ಆ ಕೊಡವುವಿಕೆಯಲ್ಲೇ ತಪ್ಪಿಸಿಕೊಳ್ಳುತ್ತವೆ. ನಾನು ಹೋಗುವ ಹೊಳೆ ಶೆನಾಂಡೋವಾ ನದಿಯ ದಕ್ಷಿಣ ಕವಲು. ಬ್ಲೂ ರಿಜ್ ಬೆಟ್ಟಸಾಲಿಗೂ ಮಸಾನಟನ್ ಬೆಟ್ಟಕ್ಕೂ ನಡುವೆ ಉತ್ತರ ದಿಕ್ಕಿಗೆ ಹರಿದು, ಫ್ರಂಟ್ ರಾಯಲ್ ಊರಿನಲ್ಲಿ ಉತ್ತರ ಕವಲನ್ನು ಕೂಡಿಕೊಂಡು, ಹಾರ್ಪರ್ಸ್ ಫೆರಿಯಲ್ಲಿ ಪೊಟೊಮ್ಯಾಕ್ ನದಿಗೆ ಸೇರುತ್ತದೆ.

ಈ ಮೀನು ಇಲ್ಲಿನದೇ ಅಲ್ಲ ಎಂದು ನನಗೆ ತಿಳಿದದ್ದು ತಡವಾಗಿ. 1854ರಲ್ಲಿ ಬೆಟ್ಟಗಳ ಆಚೆಯ ಒಹಾಯೊ ನದಿಯ ಕಡೆಯಿಂದ ಒಂದಷ್ಟು ಮೀನುಗಳನ್ನು ರೈಲು ಎಂಜಿನ್ನಿನ ನೀರಿನ ತೊಟ್ಟಿಯಲ್ಲಿ ಇಳಿಬಿಟ್ಟು ಕಂಬರ್ಲೆಂಡ್ ಊರಿನವರೆಗೆ ತಂದು ಪೊಟೊಮ್ಯಾಕ್ ಪ್ರದೇಶದಲ್ಲಿ ಬಿಟ್ಟರು. ಅದರ ನಂತರ ಇಲ್ಲಿನ ಹೊಳೆಗಳಲ್ಲಿ ಅದರದೇ ರಾಜ್ಯ. ಪರದೇಶಿ ಮೀನು, ಪರದೇಶಿ ಮನುಷ್ಯ ಎಂದು ಒಂದು ಪ್ಯಾರಾ ಬರೆಯುವ ಆಸೆ ಬಂತು. ಬಿಡಿ, ಅನಿವಾಸಿಗಳು ಬರೆಯುವ ಪ್ರತಿಯೊಂದು ಬ್ಲಾಗಿನಲ್ಲೂ ಅಂಥ ಒಂದು ಪ್ಯಾರಾ ಇರುತ್ತದೆ.

ಹೋಗಬಾರದೆಂದು ತೀರ್ಮಾನಿಸುವ ಕೆಲಸ

ಒಳ್ಳೆಯ ವರ್ಷದಲ್ಲಿ ಯೋಜನೆ ಎನ್ನುವುದು ದೊಡ್ಡ ಮಾತು. ಒಂದು ಸೇತುವೆಯ ಬಳಿ ದೋಣಿ ಇಳಿಸುವುದು, ಹದಿಮೂರು ಕಿಲೋಮೀಟರ್ ಕೆಳಗಿನ ಇನ್ನೊಂದು ಸೇತುವೆಯ ಬಳಿ ಕಾರು ನಿಲ್ಲಿಸುವುದು, ಚಿತ್ರಾನ್ನ ಕಟ್ಟಿಕೊಳ್ಳುವುದು. ಮಿಕ್ಕದ್ದನ್ನು ಹೊಳೆ ನೋಡಿಕೊಳ್ಳುತ್ತದೆ. ಬರದ ವರ್ಷ ಹಾಗಲ್ಲ. 2024ರ ಜೂನ್ ತಿಂಗಳಿನಲ್ಲಿ ಮಳೆ ಹಠಾತ್ತನೆ ನಿಂತಿತು. ಪ್ರತಿ ಗುರುವಾರ ಬರದ ನಕ್ಷೆಯೊಂದನ್ನು ಪ್ರಕಟಿಸುತ್ತಾರೆ. ಅದರಲ್ಲಿ ಶೆನಾಂಡೋವಾ ಕಣಿವೆ ವಾರದಿಂದ ವಾರಕ್ಕೆ ಹಳದಿಯಿಂದ ಕಿತ್ತಳೆಗೆ, ಕಿತ್ತಳೆಯಿಂದ ಕೆಂಪಿಗೆ ಜಾರುವುದನ್ನು ನೋಡುತ್ತಿದ್ದೆ. ನನ್ನ ಗ್ರಾಫಿನ ಗೆರೆ ಮುನ್ನೂರು ಕ್ಯೂಸೆಕ್‌ನ ಆಸುಪಾಸಿಗೆ ಇಳಿದು ಅಲ್ಲೇ ಚಪ್ಪಟೆಯಾಗಿ ಮಲಗಿತು. ಅಂಥ ಒಂದು ಶನಿವಾರ ಹಟ ಮಾಡಿ ದೋಣಿ ಇಳಿಸಿದೆವು. ಎಷ್ಟು ಹೊತ್ತು ನಾವು ದೋಣಿಯಲ್ಲಿದ್ದೆವು, ಎಷ್ಟು ಹೊತ್ತು ದೋಣಿ ನಮ್ಮ ಕೈಯಲ್ಲಿತ್ತು ಎಂದು ಲೆಕ್ಕ ಹಾಕಿದರೆ ಎರಡನೆಯದೇ ಹೆಚ್ಚು. ದೋಣಿಯ ಅಡಿ ಬಂಡೆಗಳಿಗೆ ಉಜ್ಜುವ ಸದ್ದು ಸ್ಲೇಟಿನ ಮೇಲೆ ಉಗುರು ಎಳೆದಂತೆ ಕಿವಿಯಲ್ಲಿ ಉಳಿದುಬಿಟ್ಟಿತು.

ನೆರೆಮನೆಯಲ್ಲಿ ಅಂಚೆ ಇಲಾಖೆಯಿಂದ ನಿವೃತ್ತರಾದ ಒಬ್ಬ ಹಿರಿಯರಿದ್ದಾರೆ. ನನಗೆ ಗಾಳ ಎಸೆಯುವುದನ್ನು ಕಲಿಸಿದವರು ಅವರೇ. ಅವರು ಗ್ರಾಫನ್ನು ನಂಬುವುದಿಲ್ಲ. ಬೆಂಟನ್‌ವಿಲ್ ಬಳಿ ಹೊಳೆಯ ನಡುವೆ ಒಂದು ಬಂಡೆ ಇದೆ. ಅದರ ನೆತ್ತಿ ಮಾತ್ರ ಕಂಡರೆ ದೋಣಿ ಇಳಿಸಬಹುದು, ಭುಜ ಕಂಡರೆ ಮನೆಗೆ ವಾಪಸ್ ಎನ್ನುವುದು ಅವರ ಲೆಕ್ಕ. ನಮ್ಮ ಊರಿನ ಹೆಂಗಸರು ಬಟ್ಟೆ ಒಗೆಯುವ ಕಲ್ಲನ್ನು ನೋಡಿ ನಾಲೆಗೆ ಎಷ್ಟು ನೀರು ಬಿಟ್ಟಿದ್ದಾರೆ ಎಂದು ಹೇಳುತ್ತಿದ್ದರು. ಎಂಜಿನಿಯರ್ ಸೈಕಲ್ಲಿನಲ್ಲಿ ಬಂದು ಅಳತೆಪಟ್ಟಿ ನೋಡುವಷ್ಟರಲ್ಲಿ ಇವರಿಗೆ ವಿಷಯ ಗೊತ್ತಿರುತ್ತಿತ್ತು.

ಆ ಬೇಸಿಗೆಯಲ್ಲಿ ನಾನು ಮಾಡಿಕೊಂಡ ಕಟ್ಟಳೆಗಳು ಕೆಲವು. ದೋಣಿ ಮನೆಯಲ್ಲೇ ಇರಲಿ, ಹಳೆಯ ಶೂ ಹಾಕಿಕೊಂಡು ನೀರಿನಲ್ಲಿ ನಡೆ. ಹೊತ್ತು ಮೂಡುವ ಮುಂಚೆ ಅಲ್ಲಿರು, ಹತ್ತು ಗಂಟೆಗೆ ದಡ ಹತ್ತು. ನೀರು ತಿಳಿಯಾದಷ್ಟೂ ಮೀನಿಗೆ ನೀನು ಕಾಣಿಸುತ್ತೀಯ, ಆದ್ದರಿಂದ ದಾರ ತೆಳುವಾಗಿರಲಿ, ದೂರದಿಂದ ಎಸೆ, ನಿನ್ನ ನೆರಳು ನಿನಗಿಂತ ಮುಂದೆ ನೀರಿಗೆ ಬೀಳದಂತೆ ನೋಡಿಕೋ. ಏಡಿಗೂ ಸೀಗಡಿಗೂ ಹುಟ್ಟಿದಂತಿರುವ ಕ್ರೇಫಿಶ್ ಎಂಬ ಪ್ರಾಣಿ ಇಲ್ಲಿ ಪ್ರತಿ ಕಲ್ಲಿನ ಕೆಳಗೂ ಇರುತ್ತದೆ, ಬಾಸ್‌ಗೆ ಅದೇ ಮೃಷ್ಟಾನ್ನ. ಅದನ್ನು ಹೋಲುವ ರಬ್ಬರಿನ ಎರೆಯೊಂದಿದ್ದರೆ ಬೇರೆ ಸಾಮಾನು ಬೇಡ.

ಹೊತ್ತು ಮೂಡುವ ಮುಂಚೆ ಎಂಬ ಕಟ್ಟಳೆಯಲ್ಲಿ ಒಂದು ತೊಡಕಿದೆ. ನನಗೆ ಅದು ಅರ್ಥವಾಗಲು ಒಂದಿಡೀ ಬೇಸಿಗೆ ಹಿಡಿಯಿತು. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ನಿಲ್ಲುವುದಿಲ್ಲ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿಯುವ ನೀರು 30 ಡಿಗ್ರಿಯಲ್ಲಿ ಏಳೂವರೆಯಷ್ಟನ್ನು ಮಾತ್ರ ಹಿಡಿಯುತ್ತದೆ. ಹಾಗಾಗಿ ತಂಪಾದ ಬೆಳಗ್ಗೆಯೇ ಮೀನಿಗೆ ಹಿತ ಎಂದುಕೊಂಡಿದ್ದೆ. ಆದರೆ ಬರದಲ್ಲಿ ನಿಧಾನವಾದ ನೀರಿನಲ್ಲಿ ಪಾಚಿಯೂ ಜೊಂಡೂ ಕವಿದುಕೊಳ್ಳುತ್ತವೆ. ಹಗಲಿನಲ್ಲಿ ಅವು ಆಮ್ಲಜನಕ ಬಿಡುತ್ತವೆ, ರಾತ್ರಿಯಿಡೀ ಉಸಿರಾಡಿ ಅದನ್ನೇ ತಿನ್ನುತ್ತವೆ. ಜೊಂಡು ತುಂಬಿದ ನಿಂತ ಮಡುವಿನಲ್ಲಿ ನೀರು ಅತಿ ತಂಪಾಗಿರುವ ಹೊತ್ತೂ ಆಮ್ಲಜನಕ ಅತಿ ಕಡಿಮೆಯಾಗಿರುವ ಹೊತ್ತೂ ಒಂದೇ: ಸೂರ್ಯ ಹುಟ್ಟುವ ಮುಂಚಿನ ಗಳಿಗೆ. ಆದ್ದರಿಂದ ಕಲ್ಲುಗಳ ಮೇಲೆ ನೀರು ನೊರೆಯಾಗಿ ಒಡೆದು ಮಡುವಿಗೆ ಬೀಳುವ ಬಾಯಿಯನ್ನು ಹುಡುಕಬೇಕು. ಗಾಳಿ ಬೆರೆಯುವುದು ಅಲ್ಲಿ. ಇನ್ನೊಂದು ಜಾಗವೂ ಇದೆ. ಶೆನಾಂಡೋವಾ ಕಣಿವೆ ಸುಣ್ಣಕಲ್ಲಿನ ನೆಲ. ಒಳಗೆಲ್ಲ ಪೊಳ್ಳು, ಗವಿ, ಒರತೆ. ಮಳೆ ಹೋದ ಮೇಲೂ ಹೊಳೆ ಬತ್ತದಿರುವುದು ಈ ಒರತೆಗಳಿಂದ. ದಡದ ಬಂಡೆಯ ಬಿರುಕಿನಿಂದ ತಣ್ಣಗೆ ಜಿನುಗುವ ಒಂದು ಎಳೆ ನೀರು ಮಡುವಿನ ತಳಕ್ಕೆ ಇಳಿಯುತ್ತಿದ್ದರೆ ಅರ್ಧ ಮೈಲಿಯ ಮೀನೆಲ್ಲ ಅಲ್ಲಿ ಬಂದು ನಿಂತಿರುತ್ತದೆ.

ನಾನು ಹೇಳಬೇಕಾದ ಶನಿವಾರ ಅಂಥ ಒಂದು ಮಡುವಿನದು.

ಆ ಮಡು

ಜುಲೈ ಮೂರನೆಯ ವಾರ. ಒಬ್ಬನೇ ಹೋಗಿದ್ದೆ. ಹೊಳೆಗೆ ಅಡ್ಡಲಾಗಿ ಕಲ್ಲಿನ ಪದರಗಳು ಹಂಚಿನ ಮಾಡಿನ ಸಾಲುಗಳಂತೆ ಮೇಲೆದ್ದಿದ್ದವು. ಒಳ್ಳೆಯ ವರ್ಷಗಳಲ್ಲಿ ಎರಡು ಅಡಿ ನೀರಿನ ಕೆಳಗಿರುವ ಜಾಗದಲ್ಲಿ ಒಣ ಪಾದದಲ್ಲಿ ನಡೆಯುತ್ತಿದ್ದೆ. ಸ್ವಲ್ಪ ಮೇಲೆ, ಹೊಳೆಯ ನಡುವೆ, ಕಲ್ಲುಗಳನ್ನು ಸಾಲಾಗಿ ಪೇರಿಸಿದ ಗುರುತೊಂದು ಕಾಣಿಸಿತು. ಎರಡೂ ದಡದಿಂದ ಓರೆಯಾಗಿ ಬಂದು ಕೆಳದಿಕ್ಕಿನಲ್ಲಿ ಒಂದು ಚೂಪಿನಲ್ಲಿ ಸೇರುವ ಎರಡು ಗೆರೆಗಳು. ಇಲ್ಲಿನ ನದಿಗಳಲ್ಲಿ ಮೂಲನಿವಾಸಿಗಳೂ ಅವರ ನಂತರ ಬಂದು ನೆಲೆಸಿದವರೂ ಮೀನು ಹಿಡಿಯಲು ಕಟ್ಟಿದ ಒಡ್ಡುಗಳು ಹೀಗೇ ಇರುತ್ತವೆ, ನೀರು ಇಳಿದಾಗ ಮಾತ್ರ ಕಾಣುತ್ತವೆ ಎಂದು ಓದಿದ್ದೆ. ನೀರನ್ನು ಎರಡು ಕಡೆಯಿಂದ ಒತ್ತರಿಸಿಕೊಂಡು ಬಂದು ಕಂಡಿಯ ಬಾಯಿಗೆ ಬುಟ್ಟಿ ಒಡ್ಡುವುದು. ನಮ್ಮ ಕಡೆ ಗದ್ದೆಯ ತೂಬಿಗೆ ಕೂಳಿ ಇಡುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದು ಕಲ್ಲಿನ ಮೇಲೆ ಕುಳಿತು ಕಾಫಿ ಕುಡಿದೆ. ಎಷ್ಟು ಹಳೆಯದೋ. ಯಾವ ಬರದಲ್ಲಿ ಯಾರು ಕುಳಿತಿದ್ದರೋ.

ಒಡ್ಡಿನ ಕೆಳಗೆ ಒರತೆಯ ಮಡು ಇತ್ತು. ಉದ್ದ ಹೆಚ್ಚೆಂದರೆ ಒಂದು ಬಸ್ಸಿನಷ್ಟು. ನೀರು ಎಷ್ಟು ತಿಳಿಯೆಂದರೆ ತಳದ ಕಲ್ಲುಗಳ ಮೇಲೆ ಮೀನುಗಳ ನೆರಳು ಬಿದ್ದಿತ್ತು. ಮೊದಲು ಕಂಡದ್ದು ನೆರಳುಗಳೇ. ಆಮೇಲೆ ಅವುಗಳ ಮೇಲೆ ತೇಲುವ ಮೀನುಗಳು. ಎಲ್ಲವೂ ಒಂದೇ ದಿಕ್ಕಿಗೆ, ಒರತೆಯ ಕಡೆಗೆ ಮುಖ ಮಾಡಿ, ನ್ಯಾಯಬೆಲೆ ಅಂಗಡಿಯ ಮುಂದಿನ ಸಾಲಿನಂತೆ ನಿಂತಿದ್ದವು. ಮೊದಲ ಎಸೆತಕ್ಕೆ ಒಂದು. ಎರಡನೆಯದಕ್ಕೆ ಇನ್ನೊಂದು. ಒಂದು ಗಂಟೆಯಲ್ಲಿ ಹನ್ನೊಂದು ಮೀನು. ನನ್ನ ಜೀವಮಾನದಲ್ಲಿ ಅಂಥ ಬೆಳಗ್ಗೆ ಬಂದಿರಲಿಲ್ಲ. ಎಲ್ಲವನ್ನೂ ಬಿಡಿಸಿ ನೀರಿಗೇ ಬಿಟ್ಟೆ, ಎಂದಿನಂತೆ. ಈ ಹೊಳೆಯ ಮೀನನ್ನು ನಾವು ತಿನ್ನುವುದಿಲ್ಲ. ಮೇಲೆ ವೇನ್ಸ್‌ಬರೊ ಊರಿನ ಕಾರ್ಖಾನೆಯಿಂದ 1929ರಿಂದ 1950ರವರೆಗೆ ಹರಿದ ಪಾದರಸ ಇನ್ನೂ ಹೊಳೆಯ ಕೆಸರಿನಲ್ಲಿದೆ, ಮೀನಿನ ಮಾಂಸದಲ್ಲೂ ಇದೆ.

ಹನ್ನೊಂದನೆಯದು ದೊಡ್ಡದು. ಮೊಣಕೈಯಿಂದ ಬೆರಳ ತುದಿಯವರೆಗಿನಷ್ಟು ಉದ್ದ. ತೆಳುವಾದ ದಾರ, ಆದ್ದರಿಂದ ಅವಸರ ಮಾಡುವಂತಿಲ್ಲ. ಅದು ಒರತೆಯ ತಂಪಿನಿಂದ ಹೊರಗೋಡಿ ಕೆಳಗಿನ ಬಿಸಿ ನೀರಿನಲ್ಲಿ ಐದಾರು ನಿಮಿಷ ಎಳೆದಾಡಿತು. ಕೈಗೆ ಬಂದಾಗ ಅದರ ಕಿವಿರು ಬಡಿದುಕೊಳ್ಳುತ್ತಿದ್ದ ವೇಗ ನೋಡಿ ನನಗೆ ಏನೋ ಸರಿಯಿಲ್ಲ ಅನ್ನಿಸಿತು. ಗಾಳ ಬಿಡಿಸಿ ನೀರಿನಲ್ಲಿ ಇಳಿಸಿದೆ. ಅದು ಪಕ್ಕಕ್ಕೆ ವಾಲಿತು. ನೆಟ್ಟಗೆ ಮಾಡಿದೆ, ಮತ್ತೆ ವಾಲಿತು, ಬಿಳಿ ಹೊಟ್ಟೆ ಮೇಲಾಯಿತು. ಬಾಲದ ಬುಡ ಹಿಡಿದು, ಮುಖ ಹರಿವಿನ ಕಡೆಗೆ ಮಾಡಿ, ಹತ್ತು ನಿಮಿಷವೋ ಹದಿನೈದೋ ಮಂಡಿಯೂರಿ ಕುಳಿತೆ. ಕೊನೆಗೆ ಒಂದು ಸಲ ಬಾಲ ಬಡಿದು ಕೆಳಗೆ ಹೋಯಿತು. ನಿಟ್ಟುಸಿರು ಬಿಟ್ಟು ಸಾಮಾನು ಕಟ್ಟಿಕೊಂಡು ಕೆಳಗಿನ ತಿರುವಿಗೆ ಬಂದರೆ, ದಡದ ಜೊಂಡಿಗೆ ಸಿಕ್ಕಿಕೊಂಡು ಬಿಳಿ ಹೊಟ್ಟೆಯೊಂದು ಅಲೆಗೆ ಮೇಲೆ ಕೆಳಗೆ ಆಡುತ್ತಿತ್ತು. ಅದೇ ಮೀನೋ ಬೇರೆಯದೋ ನೋಡಲು ಹತ್ತಿರ ಹೋಗಲಿಲ್ಲ. ಹತ್ತಿರ ಹೋಗದಿದ್ದದ್ದೇ ಈಗ ಕಾಡುವುದು. ಜೇಬಿನಲ್ಲಿ ನೆರೆಮನೆಯವರು ಕೊಟ್ಟ, ದಾರ ಕಟ್ಟಿದ ಥರ್ಮಾಮೀಟರ್ ಇತ್ತು. ಬೆಳಗ್ಗೆಯಿಂದ ಅದನ್ನು ಹೊರಗೆ ತೆಗೆದಿರಲಿಲ್ಲ. ಈಗ ನೀರಿಗೆ ಇಳಿಬಿಟ್ಟೆ. 29 ಡಿಗ್ರಿ.

ಪಶ್ಚಿಮದ ಮೊಂಟಾನಾ ರಾಜ್ಯದಲ್ಲಿ ಇದಕ್ಕೊಂದು ಕಾನೂನಿದೆ. ಟ್ರೌಟ್ ಮೀನಿನ ಹೊಳೆಗಳಲ್ಲಿ ನೀರು ಸತತ ಮೂರು ದಿನ 73 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 23 ಸೆಲ್ಸಿಯಸ್ ಮುಟ್ಟಿದರೆ, ಮಧ್ಯಾಹ್ನ ಎರಡರಿಂದ ನಡುರಾತ್ರಿಯವರೆಗೆ ಗಾಳ ಹಾಕುವಂತಿಲ್ಲ. ಅದಕ್ಕೆ ಗೂಬೆಯ ಹೆಸರಿಟ್ಟಿದ್ದಾರೆ. ಬಾಸ್ ಟ್ರೌಟ್‌ಗಿಂತ ಗಟ್ಟಿ ಜೀವ, ಬಿಸಿ ತಾಳುತ್ತದೆ. ಶೆನಾಂಡೋವಾದಲ್ಲಿ ನನ್ನನ್ನು ತಡೆಯುವ ಇಂಥ ಗೂಬೆ ಯಾವುದೂ ಇಲ್ಲ. ಆ ಬೆಳಗ್ಗೆ ನಾನು ಮಾಡಿದ್ದೆಲ್ಲ ಕಾನೂನಿಗೆ ಸರಿಯಾಗಿಯೇ ಇತ್ತು. ನ್ಯಾಯವಾಗಿ ಹೇಳಬೇಕೆಂದರೆ ಬರ ಈ ಮೀನಿಗೆ ಬರೀ ಕೇಡೂ ಅಲ್ಲ. ವಸಂತದಲ್ಲಿ ಗಂಡು ಮೀನು ಕಲ್ಲುಗುಂಡಿ ಮಾಡಿ ಮೊಟ್ಟೆ ಕಾಯುವ ಹೊತ್ತಿನಲ್ಲಿ ಪ್ರವಾಹ ಬಂದರೆ ಆ ವರ್ಷದ ಮರಿಗಳೇ ಕೊಚ್ಚಿಹೋಗುತ್ತವೆ; ಹೊಳೆ ಶಾಂತವಾಗಿದ್ದರೆ ಉಳಿಯುತ್ತವೆ. ಬೇಸಿಗೆಯ ಸೆಕೆಯಲ್ಲಿ ಒಂದೇ ಮಡುವಿನಲ್ಲಿ ಗುಂಪುಗೂಡಿದ ದೊಡ್ಡ ಮೀನುಗಳದೇ ಪ್ರಶ್ನೆ.

ಸಂತೆಯಲ್ಲಿ ಕೊಡಿಸುತ್ತೇನೆ

ಅಮ್ಮನ ತವರು ಅರಕಲಗೂಡು ಕಡೆ. ಬೇಸಿಗೆ ರಜೆಯಲ್ಲಿ ಅಜ್ಜಿ ಒಮ್ಮೆ ರಾಮನಾಥಪುರಕ್ಕೆ ಕರೆದುಕೊಂಡು ಹೋಗಿದ್ದಳು. ಕಾವೇರಿ ಆಗ ಬಂಡೆಗಳ ನಡುವೆ ಅಲ್ಲೊಂದು ಇಲ್ಲೊಂದು ಎಳೆಯಾಗಿ ಹರಿಯುತ್ತಿದ್ದಳು. ಆದರೆ ದೇವಸ್ಥಾನದ ಮೆಟ್ಟಿಲ ಬುಡದ ವಹ್ನಿ ಪುಷ್ಕರಿಣಿಯಲ್ಲಿ ನೀರು ಕಪ್ಪಗೆ, ಆಳವಾಗಿ ನಿಂತಿತ್ತು. ಅಜ್ಜಿ ಸೆರಗಿನಿಂದ ಕಡಲೆಪುರಿ ತೆಗೆದು ಎಸೆದಳು. ನೀರು ಕುದಿದಂತಾಯಿತು. ನನ್ನ ತೋಳಿಗಿಂತ ದಪ್ಪ ಮೀನುಗಳು, ಒಂದರ ಬೆನ್ನ ಮೇಲೆ ಇನ್ನೊಂದು, ಬಾಯಿ ತೆರೆದು ಬಂದವು. ಅವುಗಳ ತುಟಿಗಳು ನೀರಿನ ಮೇಲೆ ಪುಳಕ್ ಪುಳಕ್ ಎನ್ನುತ್ತಿದ್ದವು. ನನಗೆ ಆಗ ಎಂಟೋ ಒಂಬತ್ತೋ. ನಾಲೆಯಲ್ಲಿ ಎರೆಹುಳು ಚುಚ್ಚಿ ಬೆರಳುದ್ದದ ಮೀನು ಹಿಡಿಯುವುದೇ ಮಹಾ ಸಾಹಸವಾಗಿದ್ದ ಕಾಲ. "ಅಜ್ಜಿ, ಒಂದು ಹಿಡಿಯಲಾ?" ಎಂದೆ. ಅಜ್ಜಿ ಮೀನು ತಿನ್ನದವಳಲ್ಲ. ಅವಳ ಮೀನು ಸಾರಿನ ವಾಸನೆಗೆ ಮೂರು ಮನೆಯ ಬೆಕ್ಕುಗಳು ಹಿತ್ತಿಲಿಗೆ ಬರುತ್ತಿದ್ದವು. ಅವಳು ನನ್ನ ಕಡೆ ತಿರುಗಿಯೂ ನೋಡದೆ, "ನಿನಗೆ ಮೀನು ಬೇಕಾದರೆ ಸಂತೆಯಲ್ಲಿ ಕೊಡಿಸುತ್ತೇನೆ" ಎಂದು ಇನ್ನೊಂದು ಹಿಡಿ ಪುರಿ ಎಸೆದಳು. ಅಷ್ಟೇ. ದೇವರ ಮೀನು, ಪಾಪ ಬರುತ್ತದೆ ಎಂದೇನೂ ಹೇಳಲಿಲ್ಲ.

ಶೃಂಗೇರಿಯ ತುಂಗೆಯಲ್ಲೂ ಶಿಶಿಲದಲ್ಲೂ ಹೀಗೆ ಮೀನು ಹಿಡಿಯದ ಜಾಗಗಳಿವೆ. ದೇವಸ್ಥಾನ ಅಲ್ಲಿದೆ, ಆದ್ದರಿಂದ ಮೀನು ಮುಟ್ಟುವುದಿಲ್ಲ ಎಂದು ನಾವು ತಿಳಿದುಕೊಂಡಿದ್ದೇವೆ. ಜುಲೈನ ಆ ಶನಿವಾರದ ನಂತರ ಬೇರೆ ರೀತಿಯಲ್ಲಿ ಯೋಚಿಸತೊಡಗಿದೆ. ಅವೆಲ್ಲ ಆಳವಾದ ಮಡುಗಳು. ಹೊಳೆ ಸೊರಗಿದಾಗ ಮೈಲುಗಟ್ಟಲೆಯ ಮೀನು ಬಂದು ಸೇರುವುದು ಅಂಥಲ್ಲಿಗೇ. ಅಲ್ಲಿ ಬಲೆ ಬಿಟ್ಟರೆ ಒಂದೇ ಸಂಜೆಗೆ ಹೊಳೆ ಖಾಲಿ. ಹಿಂದಿನವರು ಎಲ್ಲವನ್ನೂ ಬಲ್ಲವರಾಗಿದ್ದರು ಎನ್ನುವ ವಾಟ್ಸ್‌ಆ್ಯಪ್ ಭಜನೆಗೆ ನಾನು ದನಿಗೂಡಿಸುವವನಲ್ಲ. ಅದೇ ಹಿಂದಿನವರು ಸಿಡಿಮದ್ದು ಹಾಕಿಯೂ ಮೀನು ಹಿಡಿದಿದ್ದಾರೆ. ಆದರೂ ಎಲ್ಲಿ ಬೇಕಾದರೂ ಹಿಡಿ, ಈ ಮೆಟ್ಟಿಲ ಬುಡದಲ್ಲಿ ಮಾತ್ರ ಬೇಡ ಎಂಬ ಗೆರೆ ಬಿದ್ದಿರುವ ಜಾಗ ನೋಡಿದರೆ, ಗೆರೆ ಎಳೆದವರು ಬೇಸಿಗೆಯ ಹೊಳೆಯನ್ನು ಕಂಡವರೇ ಇರಬೇಕು ಅನ್ನಿಸುತ್ತದೆ.

ಇದಕ್ಕೆ ಎದುರಾಗಿ ಇನ್ನೊಂದು ನೆನಪೂ ಇದೆ. 2003ರ ಬರದಲ್ಲಿ ನಮ್ಮೂರ ಕೆರೆ ತಳ ಕಂಡಿತು. ಮೀನಿನ ಗುತ್ತಿಗೆ ಹಿಡಿದವನು ಕೈ ತೊಳೆದುಕೊಂಡು ಹೋದ ಮೇಲೆ ಊರಿಗೆ ಊರೇ ಕೆಸರಿಗಿಳಿಯಿತು. ಸೀರೆ, ಸೊಳ್ಳೆಪರದೆ, ಮಂಕರಿ, ಬರಿಗೈ. ನಾನೂ ಮೊಣಕಾಲವರೆಗಿನ ಕೆಸರಿನಲ್ಲಿ ಕೈ ಆಡಿಸಿ ಕೊರವ ಮೀನು ಹಿಡಿದಿದ್ದೆ. ಅದರ ಬಗ್ಗೆ ನನಗೆ ಈಗಲೂ ಯಾವ ಅಳುಕೂ ಇಲ್ಲ. ವಾರ ಕಳೆದರೆ ಆ ನೀರೇ ಇರುತ್ತಿರಲಿಲ್ಲ, ಮೀನು ಹದ್ದುಗಳ ಪಾಲಾಗುತ್ತಿತ್ತು. ಹೊಳೆಯ ಮಡುವಿನ ಲೆಕ್ಕ ಬೇರೆ. ಅಲ್ಲಿರುವ ಮೀನು ಮಳೆಗೆ ಕಾಯುತ್ತಿರುತ್ತದೆ. ಅದು ಗಾಳಕ್ಕೆ ಸುಲಭವಾಗಿ ಸಿಗುವುದೂ ಕಾಯಲು ಬೇರೆ ಜಾಗವಿಲ್ಲದ್ದರಿಂದಲೇ. ನನ್ನ ಹನ್ನೊಂದು ಮೀನುಗಳಲ್ಲಿ ನನ್ನ ಜಾಣತನದ ಪಾಲು ಎಷ್ಟು ಎಂದು ಕೂಡಿ ಕಳೆದು ನೋಡಿದರೆ ಏನೂ ಉಳಿಯುವುದಿಲ್ಲ.

ಗಾಳವಿಲ್ಲದ ಶನಿವಾರಗಳು

ಆಮೇಲೆ ಎರಡು ಶನಿವಾರ ಗಾಳವಿಲ್ಲದೆ ಹೋದೆ. ಒಂದು ನೋಟ್‌ಬುಕ್, ಪೆನ್ಸಿಲ್, ಥರ್ಮಾಮೀಟರ್. ಹೊಳೆ ತನ್ನ ಹಾಸಿಗೆಯನ್ನು ಮಡಿಸಿಟ್ಟು ನೆಲ ತೋರಿಸುವುದು ಹತ್ತು ವರ್ಷಕ್ಕೊಮ್ಮೆ. ಯಾವ ಬಂಡೆಯ ಹಿಂದೆ ಎಷ್ಟು ಆಳದ ಗುಂಡಿ, ಎಲ್ಲಿ ಒರತೆ, ಮುಳುಗಿದ ಮರದ ಬೊಡ್ಡೆ ಎಲ್ಲಿದೆ, ಎಲ್ಲವನ್ನೂ ಬರೆದುಕೊಂಡೆ. ಒಂದು ಒರತೆಯ ಬಾಯಲ್ಲಿ 14 ಡಿಗ್ರಿ, ಅಲ್ಲಿಂದ ನಾಲ್ಕು ಮಾರು ಆಚೆ 28. ನೀರು ತುಂಬಿದ ಮೇಲೆ ಈ ನಕ್ಷೆ ಚಿನ್ನ. ಹಿಡಿಯಲೇಬೇಕು ಎನ್ನುವ ಚಪಲ ಹತ್ತಿದ ದಿನ ಕೆಳಗಿನ ಪೊಟೊಮ್ಯಾಕ್‌ಗೆ ಹೋಗುತ್ತಿದ್ದೆ. ಅಲ್ಲಿ ನೀರು ಹೆಚ್ಚು, ಮೀನಿಗೆ ಅಡಗಲು ಜಾಗ ಹೆಚ್ಚು. ಅಂದಹಾಗೆ ಪೊಟೊಮ್ಯಾಕ್‌ನ ನೀರನ್ನು ಬರದಲ್ಲಿ ಹೇಗೆ ಹಂಚಿಕೊಳ್ಳಬೇಕೆಂದು ಮೇರಿಲೆಂಡ್, ವರ್ಜೀನಿಯಾ, ವಾಷಿಂಗ್ಟನ್ ನಗರ 1978ರಲ್ಲಿ ಒಪ್ಪಂದ ಮಾಡಿಕೊಂಡಿವೆ. ಕೊನೆಗೆ ನದಿಯ ಪಾಲಿಗೂ ದಿನಕ್ಕೆ 10 ಕೋಟಿ ಗ್ಯಾಲನ್ ಬಿಡಬೇಕೆಂಬ ಲೆಕ್ಕವಿದೆ, ಅಂದರೆ 155 ಕ್ಯೂಸೆಕ್. 2023ರ ಸೆಪ್ಟೆಂಬರಿನಲ್ಲಿ ಐದು ಸಾವಿರ ಕ್ಯೂಸೆಕ್ ಬಿಡುವ ಆದೇಶಕ್ಕೆ ಮಂಡ್ಯದ ಹೆದ್ದಾರಿಯಲ್ಲಿ ಜನ ಕುಳಿತದ್ದನ್ನು ಕಂಡ ನನಗೆ, ನದಿಗೇ ಒಂದು ಪಾಲು ಎನ್ನುವುದನ್ನು ಅರಗಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು.

ಆ ಜುಲೈ ತಿಂಗಳಿಡೀ ಅಪ್ಪನೂ ನಾನೂ ಭಾನುವಾರ ಫೋನಿನಲ್ಲಿ ಲೆಕ್ಕ ಒಪ್ಪಿಸುತ್ತಿದ್ದೆವು. ಹಿಂದಿನ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾಗಿದ್ದವು. ಅಪ್ಪ ಒಂದು ಬೆಳೆಯನ್ನೇ ಬಿಟ್ಟಿದ್ದ. ಈ ವರ್ಷ ಕೊಡಗಿನಲ್ಲಿ ಮಳೆ ಹಿಡಿದಿತ್ತು. ಅವನ ಅಂಕಿ ವಾರದಿಂದ ವಾರಕ್ಕೆ ಏರುತ್ತಿತ್ತು, ನನ್ನದು ಇಳಿಯುತ್ತಿತ್ತು. ತಿಂಗಳ ಕೊನೆಗೆ ಕಟ್ಟೆ ತುಂಬಿತು, ಲಕ್ಷ ಕ್ಯೂಸೆಕ್ ಮೀರಿ ನೀರು ಬಿಟ್ಟರು. "ನಿನ್ನ ಹೊಳೆಯಲ್ಲಿ ಎಷ್ಟು?" ಎಂದು ಕೇಳಿದ. "ಮುನ್ನೂರು" ಎಂದೆ. "ಮುನ್ನೂರು ಸಾವಿರವೇ?" "ಇಲ್ಲಪ್ಪ, ಬರೀ ಮುನ್ನೂರು." ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದಕ್ಕೆ ಹೊಳೆ ಎನ್ನುತ್ತಾರೆಯೇ? ನಮ್ಮ ನಾಲೆಯಲ್ಲಿ ಅದಕ್ಕಿಂತ ಜಾಸ್ತಿ ಹೋಗುತ್ತದೆ" ಎಂದ. ಆ ದನಿಯಲ್ಲಿ ಕನಿಕರವಿತ್ತು, ಸ್ವಲ್ಪ ಗೆಲುವೂ ಇತ್ತು.

ಆಗಸ್ಟ್ ಎರಡನೆಯ ವಾರ ಡೆಬಿ ಎಂಬ ಚಂಡಮಾರುತದ ಬಾಲ ಈ ಕಡೆ ಬೀಸಿತು. ರಾತ್ರಿಯಿಡೀ ಮಳೆ. ಬೆಳಗ್ಗೆ ನೋಡಿದರೆ ಗ್ರಾಫಿನ ಗೆರೆ ಮಲಗಿದ್ದಲ್ಲಿಂದ ಎದ್ದು ನಿಂತಿತ್ತು. ಹೊಳೆ ಚಹಾದ ಬಣ್ಣಕ್ಕೆ ತಿರುಗಿರುತ್ತದೆ, ಒಡ್ಡಿನ ಕಲ್ಲುಗಳು ಮುಳುಗಿರುತ್ತವೆ, ಮಡುವಿನಲ್ಲಿ ಒತ್ತಾಗಿ ನಿಂತಿದ್ದವೆಲ್ಲ ಚದುರಿಹೋಗಿರುತ್ತವೆ ಎಂದುಕೊಳ್ಳುತ್ತಾ ಅಪ್ಪನಿಗೆ ಫೋನ್ ಮಾಡಿದೆ. ಅವನು ಗದ್ದೆಯ ಬದುವಿನಲ್ಲಿದ್ದ, ಗಾಳಿಯ ಸದ್ದು ಕೇಳುತ್ತಿತ್ತು. ಅಂಕಿ ಹೇಳಿದೆ.

"ಹಾಗಾದರೆ ಬಾಗಿನ ಬಿಡು" ಎಂದ.

"ಇಲ್ಲಿ ಮೊರ ಎಲ್ಲಿ ಸಿಗುತ್ತದೆ?"

"ಒಂದು ಹಿಡಿ ಕಡಲೆಪುರಿಯಾದರೂ ಹಾಕು."

ಇಂಡಿಯನ್ ಅಂಗಡಿಯಲ್ಲಿ ಕಡಲೆಪುರಿ ಸಿಗುತ್ತದೆ. ಬಾಸ್ ಅದನ್ನು ತಿನ್ನುವುದಿಲ್ಲ.